ಗ್ಯಾರೇಜಿಗೆ ಹೊಸದಾಗಿ ಸೇರುವವರು ಯಾವ ಪಾನಾ ಕೊಳ್ಳಬೇಕು?

ಐಟಿಐಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯನ್ನೋ ಒಂದು ವರ್ಷದ ಡೀಸೆಲ್ ಅಥವಾ ಟ್ರ್ಯಾಕ್ಟರ್ ಮೆಕ್ಯಾನಿಕ್ ತರಬೇತಿಯನ್ನೋ ಮುಗಿಸಿ ಬೆಳಗಾವಿಯ ಯಾವುದಾದರೊಂದು ಗ್ಯಾರೇಜಿಗೆ ಸೇರುವ ಯುವಕ ಯುವತಿಯರಿಗೆ ಮೊದಲ ಪಗಾರ ಕೈಸೇರುವ ಮುಂಚೆಯೇ ಎದುರಾಗುವ ಖರ್ಚು ಹತಾರಗಳದ್ದು. ಅಂಗಡಿಗೆ ಹೋದರೆ ನೂರಕ್ಕೂ ಹೆಚ್ಚು ತುಂಡುಗಳಿರುವ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟ ಸೆಟ್ ಒಂದನ್ನು ಮುಂದಿಡುತ್ತಾರೆ. ಅದರಲ್ಲಿ ಅರ್ಧದಷ್ಟು ತುಂಡುಗಳು ವರ್ಷವಾದರೂ ಪೆಟ್ಟಿಗೆಯಿಂದ ಹೊರಬರುವುದಿಲ್ಲ, ದಿನವೂ ಬೇಕಾಗುವ ಕೆಲವು ಅಳತೆಗಳು ಮಾತ್ರ ಅದರಲ್ಲಿ ಇರುವುದೇ ಇಲ್ಲ. ಹತಾರದ ಆಯ್ಕೆ ಅಂಗಡಿಯ ಕಪಾಟಿನಿಂದ ಶುರುವಾಗಬಾರದು. ನಾಳೆಯಿಂದ ನಿಮ್ಮ ಮುಂದೆ ಬಂದು ನಿಲ್ಲುವ ಗಾಡಿಗಳ ಬೋಲ್ಟುಗಳಿಂದ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಬೋಲ್ಟಿನ ತಲೆಯನ್ನು ಕೆಡಿಸದೆ ಬಿಚ್ಚಿ, ಮತ್ತೆ ಸರಿಯಾದ ಬಿಗಿಗೆ ಕೂರಿಸುವ ಸಾಮರ್ಥ್ಯವನ್ನೇ ನೀವು ಹಣ ಕೊಟ್ಟು ಕೊಳ್ಳುತ್ತಿರುವುದು.

ಹಾಗಾಗಿ ಖರೀದಿಗೆ ಮುಂಚೆ ಕೆಲಸಕ್ಕೆ ಸೇರುವ ಜಾಗದಲ್ಲೇ ಎರಡು ಸಂಗತಿಗಳನ್ನು ವಿಚಾರಿಸಬೇಕು. ಅಲ್ಲಿ ಯಾವ ಗಾಡಿಗಳು ಹೆಚ್ಚು ಬರುತ್ತವೆ ಎಂಬುದು ಮೊದಲನೆಯದು. ಯಾವ ಹತಾರಗಳನ್ನು ಮಾಲೀಕರೇ ಒದಗಿಸುತ್ತಾರೆ ಎಂಬುದು ಎರಡನೆಯದು. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಪೂರ್ಣ ಹತಾರಗಳ ಟ್ರಾಲಿಯನ್ನೇ ಕೊಡುತ್ತಾರೆ. ಖಾಸಗಿ ಗ್ಯಾರೇಜುಗಳಲ್ಲಿ ಜ್ಯಾಕು, ಕಂಪ್ರೆಸರು, ಪ್ರೆಸ್ಸು, ಪುಲ್ಲರುಗಳಂಥ ದೊಡ್ಡ ಸಾಮಾನು ಮಾಲೀಕರದ್ದಾಗಿದ್ದು, ಕೈಯಲ್ಲಿ ಹಿಡಿಯುವ ಪಾನಾಗಳನ್ನು (ಸ್ಪ್ಯಾನರುಗಳನ್ನು) ಕೆಲಸಗಾರನೇ ತರಬೇಕಾಗುವುದುಂಟು. ಹಿರಿಯ ಮಿಸ್ತ್ರಿಯ ಪೆಟ್ಟಿಗೆಯನ್ನೇ ಎಲ್ಲರೂ ಹಂಚಿಕೊಳ್ಳುವ ಕಡೆಗಳೂ ಇವೆ. ಮಾಲೀಕರು ಒದಗಿಸುವ ಬೇರಿಂಗ್ ಪುಲ್ಲರಿಗೆ ನಿಮ್ಮ ಹಣ ಹಾಕುವುದು ವ್ಯರ್ಥ. ಆದರೆ ದಿನಕ್ಕೆ ಹತ್ತಾರು ಸಲ ಬೇಕಾಗುವ 10 ಮಿ.ಮೀ. ಪಾನಾವನ್ನು ಪ್ರತಿ ಸಲವೂ ಇನ್ನೊಬ್ಬರಲ್ಲಿ ಕೇಳಿ ಪಡೆಯುವುದು ಕೆಲಸ ಕಲಿಯುವುದಕ್ಕೇ ಅಡ್ಡಿ.

ಇನ್ನು ಅಳತೆಗಳ ವಿಚಾರ. ಹೊಸಬರಿಗೆ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಪಾನಾದ ಮೇಲೆ ಬರೆದಿರುವ ಸಂಖ್ಯೆ ಬೋಲ್ಟಿನ ಕಾಂಡದ ದಪ್ಪವಲ್ಲ, ಅದರ ತಲೆಯ ಎದುರುಬದುರು ಚಪ್ಪಟೆ ಮುಖಗಳ ನಡುವಿನ ಅಂತರ. ಎಂ8 ಎಂದರೆ ಕಾಂಡ 8 ಮಿ.ಮೀ. ದಪ್ಪವಿರುವ ಬೋಲ್ಟು, ಅದರ ತಲೆ ಎಷ್ಟು ದೊಡ್ಡದು ಎಂಬುದು ಅದನ್ನು ಯಾವ ದೇಶದ ಮಾನದಂಡದಂತೆ ಮಾಡಿದ್ದಾರೆ ಎಂಬುದನ್ನು ಅವಲಂಬಿಸಿದೆ. ಯುರೋಪಿನ ಪದ್ಧತಿಯಲ್ಲಿ ಎಂ8 ಬೋಲ್ಟಿಗೆ 13 ಮಿ.ಮೀ. ತಲೆ, ಜಪಾನಿನ ವಾಹನ ಪದ್ಧತಿಯಲ್ಲಿ 12 ಮಿ.ಮೀ. ತಲೆ. ಎಂ10 ಬೋಲ್ಟಿಗೆ ಜಪಾನಿನಲ್ಲಿ 14, ಹಳೆಯ ಜರ್ಮನ್ ಮಾನದಂಡದಲ್ಲಿ 17, ಈಗಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ 16. ಎಂ12 ಬೋಲ್ಟಿಗೆ ಇದೇ ಕ್ರಮದಲ್ಲಿ 17, 19 ಮತ್ತು 18. ಎಂ6 ಬೋಲ್ಟು ಮಾತ್ರ ಬಹುತೇಕ ಎಲ್ಲೆಡೆ 10 ಮಿ.ಮೀ. ತಲೆಯೊಂದಿಗೇ ಬರುತ್ತದೆ. ಯಾವ ಗ್ಯಾರೇಜಿನಲ್ಲಿ ನೋಡಿದರೂ ಹತ್ತರ ಪಾನಾವೇ ಹೆಚ್ಚು ಬಳಕೆಯಾಗುವುದಕ್ಕೂ, ಅದೇ ಮೊದಲು ಕಳೆದುಹೋಗುವುದಕ್ಕೂ ಕಾರಣ ಇದೇ.

ಇದರ ಪರಿಣಾಮ ನಮ್ಮ ರಸ್ತೆಯ ಮೇಲೆ ನೇರವಾಗಿ ಕಾಣುತ್ತದೆ. ಸುಜುಕಿ ಮೂಲದ ಮಾರುತಿ, ಟೊಯೋಟಾ, ಹೋಂಡಾ ಕಾರುಗಳಲ್ಲಿ ಮತ್ತು ಅದೇ ಪದ್ಧತಿಯನ್ನು ಅನುಸರಿಸುವ ಹ್ಯುಂಡೈಯಲ್ಲಿ ಕೆಲಸದ ಬಹುಭಾಗ 10, 12, 14, 17ರ ಪಾನಾಗಳಲ್ಲೇ ಮುಗಿಯುತ್ತದೆ. ಟಾಟಾ ಮತ್ತು ಮಹೀಂದ್ರ ಗಾಡಿಗಳಲ್ಲಿ 12 ಮತ್ತು 14ರ ಬದಲು 13 ಹೆಚ್ಚಾಗಿ ಬೇಕಾಗುತ್ತದೆ, ಜೊತೆಗೆ 17, 19. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ 13, 16, 18ರ ಜೊತೆಗೆ ನಕ್ಷತ್ರಾಕಾರದ ಟಾರ್ಕ್ಸ್ ಬಿಟ್ಟುಗಳೂ, ಹನ್ನೆರಡು ಹಲ್ಲಿನ ಟ್ರಿಪಲ್ ಸ್ಕ್ವೇರ್ ಬಿಟ್ಟುಗಳೂ ಇಲ್ಲದೆ ಮುಂದೆ ಹೋಗುವಂತಿಲ್ಲ. ಚಕ್ರದ ನಟ್ಟುಗಳಲ್ಲೂ ಇದೇ ಕಥೆ: ಮಾರುತಿಯ ಸಾಮಾನ್ಯ ಕಾರುಗಳಲ್ಲಿ 19, ಹ್ಯುಂಡೈ ಮತ್ತು ಟೊಯೋಟಾಗಳಲ್ಲಿ 21, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ನಟ್ಟಿನ ಬದಲು 17ರ ಬೋಲ್ಟು. ಹೀರೊ, ಹೋಂಡಾ, ಯಮಹಾ ಬೈಕುಗಳಿಗೆ 8, 10, 12, 14, 17 ಇದ್ದರೆ ಮುಕ್ಕಾಲು ಕೆಲಸ ಆಯಿತು. ಆದ್ದರಿಂದ 6ರಿಂದ 32ರವರೆಗಿನ ಇಡೀ ಸಾಲನ್ನು ಒಮ್ಮೆಲೇ ಕೊಳ್ಳುವ ಬದಲು, ನಿಮ್ಮ ಗ್ಯಾರೇಜಿನ ಗಾಡಿಗಳಿಗೆ ಬೇಕಾದ ಆರೇಳು ಅಳತೆಗಳನ್ನು ಅದೇ ಹಣದಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಕೊಳ್ಳುವುದು ಹೆಚ್ಚು ಲಾಭದ ಮಾತು.

ಟ್ರ್ಯಾಕ್ಟರ್ ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ತೊಡಕಿದೆ. ಚಿಕ್ಕೋಡಿ, ಗೋಕಾಕ, ರಾಯಬಾಗ, ಅಥಣಿ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಹಳೆಯ ಮ್ಯಾಸಿ ಫರ್ಗ್ಯೂಸನ್ ಮಾದರಿಗಳು ಇನ್ನೂ ದುಡಿಯುತ್ತಿವೆ. ಅವುಗಳ ಸಿಂಪ್ಸನ್ ಎಂಜಿನ್ ಇಂಗ್ಲೆಂಡಿನ ಪರ್ಕಿನ್ಸ್ ವಿನ್ಯಾಸದ್ದಾದ್ದರಿಂದ ಅದರ ಬೋಲ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚಿನ ತಲೆ ಎಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಕುಳಿತಂತೆ ಕಾಣುತ್ತದೆ, ಬಿಗಿ ಕಡಿಮೆಯಿದ್ದರೆ ಬಿಚ್ಚಿಕೊಂಡೂ ಬರುತ್ತದೆ. ಆದರೆ ಬೋಲ್ಟು ಹಟ ಹಿಡಿದಿದ್ದರೆ ಮಧ್ಯೆ ಉಳಿದ 0.3 ಮಿ.ಮೀ. ಸಡಿಲದಲ್ಲಿ ಪಾನಾ ಮೂಲೆಗಳ ಮೇಲೆ ಹತ್ತಿ, ಆರು ಮೂಲೆಗಳನ್ನೂ ಸವರಿ ತಲೆಯನ್ನು ದುಂಡಗೆ ಮಾಡಿಬಿಡುತ್ತದೆ. 9/16 ಇಂಚು ಎಂದರೆ 14.29 ಮಿ.ಮೀ.; ಅದಕ್ಕೆ 14 ಹತ್ತುವುದಿಲ್ಲ, 15 ಅಲ್ಲಾಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ 3/4 ಇಂಚು 19.05 ಮಿ.ಮೀ. ಆಗಿರುವುದರಿಂದ 19ರ ಪಾನಾ ಅಲ್ಲಿ ನಡೆದುಹೋಗುತ್ತದೆ, 5/8 ಇಂಚು 15.88 ಮಿ.ಮೀ. ಆಗಿರುವುದರಿಂದ 16 ಹೆಚ್ಚುಕಡಿಮೆ ಕೂರುತ್ತದೆ. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬ ಈ ಲೆಕ್ಕ ತಿಳಿದಿದ್ದರೆ ಇಂಚಿನ ಪೂರ್ಣ ಸೆಟ್ ಕೊಳ್ಳುವ ಅಗತ್ಯ ಬೀಳುವುದಿಲ್ಲ. 7/16, 1/2 ಮತ್ತು 9/16 ಈ ಮೂರನ್ನು ಬಿಡಿಯಾಗಿ ತಂದಿಟ್ಟುಕೊಂಡರೆ ಆರಂಭಕ್ಕೆ ಸಾಕು. ಹೊಸ ಟ್ರ್ಯಾಕ್ಟರುಗಳಲ್ಲಿ ಮೆಟ್ರಿಕ್ ಅಳತೆಯೇ ಹೆಚ್ಚಾದರೂ ಹಿಂಬದಿಯ ಚಕ್ರ, ಹಿಚ್, ಡ್ರಾಬಾರುಗಳಲ್ಲಿ 24, 27, 30ರಂಥ ದೊಡ್ಡ ಅಳತೆಗಳು ಬರುತ್ತವೆ, ಅವುಗಳಿಗೆ ಉದ್ದ ಹಿಡಿಕೆಯೂ ಬೇಕು.

ಅಳತೆ ನಿರ್ಧಾರವಾದ ಮೇಲೆ ಪಾನಾದ ಬಗೆ. ಬಾಯಿ ತೆರೆದ ಫಿಕ್ಸ್ ಪಾನಾ ಬೋಲ್ಟಿನ ಎರಡೇ ಮುಖಗಳನ್ನು ಹಿಡಿಯುತ್ತದೆ. ಬಲ ಹೆಚ್ಚಾದಂತೆ ಅದರ ದವಡೆ ಕೂದಲೆಳೆಯಷ್ಟು ಅಗಲವಾಗಿ, ಹೊರೆ ಮೂಲೆಗಳ ಮೇಲೆ ಬೀಳುತ್ತದೆ. ರಿಂಗ್ ಪಾನಾ ಇಡೀ ತಲೆಯನ್ನು ಸುತ್ತುವರಿಯುವುದರಿಂದ ಹೊರೆ ಆರೂ ಕಡೆ ಹಂಚಿಹೋಗುತ್ತದೆ. ಹೀಗಾಗಿ ಬಿಗಿಯಾದ ಬೋಲ್ಟನ್ನು ಮೊದಲು ಅಲುಗಿಸುವುದು ಮತ್ತು ಕೊನೆಯ ಬಿಗಿ ಕೊಡುವುದು ರಿಂಗ್ ಅಥವಾ ಸಾಕೆಟ್ಟಿನ (ಬೋಲ್ಟಿನ ತಲೆಯ ಮೇಲೆ ಟೊಪ್ಪಿಗೆಯಂತೆ ಕೂರುವ ಹತಾರದ) ಕೆಲಸ. ಸಡಿಲವಾದ ಮೇಲೆ ಬೇಗ ಬೇಗ ತಿರುಗಿಸುವುದು ಮತ್ತು ಬ್ರೇಕ್ ಪೈಪಿನಂಥ, ಮೇಲಿನಿಂದ ರಿಂಗ್ ತೂರಿಸಲಾಗದ ಕಡೆ ಹಿಡಿಯುವುದು ಫಿಕ್ಸ್ ಪಾನಾದ ಕೆಲಸ. ಬ್ರೇಕ್ ಪೈಪಿನ ಮೃದುವಾದ ನಟ್ಟಿಗೆ ಒಂದು ಕಡೆ ಸೀಳಿರುವ ರಿಂಗ್, ಅಂದರೆ ಫ್ಲೇರ್ ನಟ್ ಪಾನಾ, ಇನ್ನೂ ಒಳ್ಳೆಯದು. ಫಿಕ್ಸ್ ಪಾನಾದ ಬಾಯಿ ಹಿಡಿಕೆಯ ನೇರಕ್ಕಿರದೆ 15 ಡಿಗ್ರಿ ವಾಲಿರುವುದನ್ನು ನೀವು ಗಮನಿಸಿರಬಹುದು. ಅದು ಉದ್ದೇಶಪೂರ್ವಕ. ಇಕ್ಕಟ್ಟಿನಲ್ಲಿ 30 ಡಿಗ್ರಿಯಷ್ಟು ಮಾತ್ರ ತಿರುಗಿಸಲು ಜಾಗವಿದ್ದಾಗ, ಪಾನಾವನ್ನು ಮಗುಚಿ ಹಾಕಿದರೆ ಮುಂದಿನ ಹಿಡಿತ ಸಿಗುತ್ತದೆ. ಬಾಯಿ ನೇರವಾಗಿದ್ದಿದ್ದರೆ ಪ್ರತಿ ಸಲವೂ 60 ಡಿಗ್ರಿ ಜಾಗ ಬೇಕಾಗುತ್ತಿತ್ತು. ಒಂದು ತುದಿಯಲ್ಲಿ ರಿಂಗ್, ಇನ್ನೊಂದು ತುದಿಯಲ್ಲಿ ಫಿಕ್ಸ್ ಬಾಯಿ ಇದ್ದು ಎರಡೂ ಒಂದೇ ಅಳತೆಯದಾಗಿರುವ ಕಾಂಬಿನೇಷನ್ ಪಾನಾಗಳೇ ಹೊಸಬರಿಗೆ ಮೊದಲ ಖರೀದಿಯಾಗಿ ಸೂಕ್ತ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಸಾಕೆಟ್ ಆರಿಸುವಾಗ ಅದರ ಒಳಗಿನ ಮೂಲೆಗಳನ್ನು ಎಣಿಸಬೇಕು. ಹನ್ನೆರಡು ಮೂಲೆಯ ಸಾಕೆಟ್ 30 ಡಿಗ್ರಿಗೊಮ್ಮೆ ಬೋಲ್ಟಿನ ಮೇಲೆ ಕೂರುವುದರಿಂದ ಕಣ್ಣಿಗೆ ಕಾಣದ ಜಾಗದಲ್ಲಿ ಸುಲಭವಾಗಿ ಹತ್ತುತ್ತದೆ, ಆದರೆ ಹಿಡಿತ ಮೂಲೆಯ ತೀರ ಹತ್ತಿರದಲ್ಲಿರುತ್ತದೆ. ಆರು ಮೂಲೆಯದು ಮೂಲೆಯಿಂದ ಒಳಗೆ ಸರಿದು, ಚಪ್ಪಟೆ ಮುಖದ ಮೇಲೆ ಒತ್ತುತ್ತದೆ, ಗೋಡೆಯೂ ಗಟ್ಟಿಯಾಗಿರುತ್ತದೆ. ನಮ್ಮ ಭಾಗದಲ್ಲಿ ಈ ವ್ಯತ್ಯಾಸ ಬರೀ ಪುಸ್ತಕದ ಮಾತಲ್ಲ. ಚೋರ್ಲಾ ಘಾಟಿಯ ಮೂಲಕ ಗೋವಾ ಕರಾವಳಿಗೆ ಓಡಾಡುವ ಗಾಡಿಗಳು ಮತ್ತು ಮಳೆಗಾಲದುದ್ದಕ್ಕೂ ಖಾನಾಪುರದ ಕಾಡುರಸ್ತೆಗಳಲ್ಲಿ ಓಡುವ ಜೀಪುಗಳು ಕೆಳಭಾಗದಲ್ಲಿ ತುಕ್ಕು ಹೊತ್ತುಕೊಂಡೇ ಬರುತ್ತವೆ. ತುಕ್ಕು ತಿಂದ ಸೈಲೆನ್ಸರಿನ ಬೋಲ್ಟಿನ ತಲೆ ಮೂಲ ಅಳತೆಗಿಂತ ಸಣ್ಣದಾಗಿರುತ್ತದೆ, ಮೂಲೆಗಳು ಆಗಲೇ ಸವೆದಿರುತ್ತವೆ. ಅಂಥದ್ದರ ಮೇಲೆ ಹನ್ನೆರಡು ಮೂಲೆಯ ಸಾಕೆಟ್ ಹಾಕಿ ಜಗ್ಗಿದರೆ ಆ ತಲೆ ಮತ್ತೆ ಯಾವ ಪಾನಾಕ್ಕೂ ಸಿಗುವುದಿಲ್ಲ. ತಂತಿಬ್ರಷ್ಷಿನಿಂದ ತುಕ್ಕು ಕೆರೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಅದು ಬೋಲ್ಟಿನ ಎಳೆಗಳೊಳಗೆ (ಥ್ರೆಡ್) ಇಳಿಯಲು ಸಮಯ ಕೊಟ್ಟು, ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪೂರ್ತಿ ಕೂರಿಸಿ, ಆಮೇಲೆ ಬಲ ಹಾಕಬೇಕು. ಹೊಸಬರು ಮೊದಲು ಕೊಳ್ಳುವ ಸಾಕೆಟ್ಟುಗಳು ಆರು ಮೂಲೆಯವೇ ಆಗಿರಲಿ. 10, 12, 13, 14ರಲ್ಲಿ ಉದ್ದನೆಯ ಡೀಪ್ ಸಾಕೆಟ್ಟುಗಳೂ ಇರಲಿ, ಏಕೆಂದರೆ ನಟ್ಟಿನಿಂದ ಹೊರಗೆ ಚಾಚಿದ ಬೋಲ್ಟಿನ ಮೇಲೆ ಗಿಡ್ಡ ಸಾಕೆಟ್ ಪೂರ್ತಿ ಕೂರುವುದಿಲ್ಲ.

ಸಾಕೆಟ್ಟಿನ ಹಿಂಭಾಗದ ಚೌಕದ ಅಳತೆಯನ್ನು ಡ್ರೈವ್ ಎನ್ನುತ್ತಾರೆ, ಅದು ಎಲ್ಲ ಕಡೆಯೂ ಇಂಚಿನಲ್ಲೇ ಇದೆ: ಕಾಲು ಇಂಚು, 3/8 ಇಂಚು, ಅರ್ಧ ಇಂಚು, ಭಾರೀ ಗಾಡಿಗಳಿಗೆ ಮುಕ್ಕಾಲು ಇಂಚು. ನಮ್ಮಲ್ಲಿ ಮೊದಲ ಸೆಟ್ ಎಂದರೆ ಅರ್ಧ ಇಂಚಿನದೇ ಎಂಬ ರೂಢಿಯಿದೆ. ಟ್ರ್ಯಾಕ್ಟರ್, ಟ್ರಕ್ ಕೆಲಸಕ್ಕೆ ಅದು ಸರಿ. ಕಾರು ಮತ್ತು ಬೈಕಿನ ಕೆಲಸಕ್ಕೆ ಹೋಗುವವರು 3/8 ಇಂಚಿನಿಂದ ಶುರು ಮಾಡುವುದು ಉತ್ತಮ ಎಂದು ನನಗನಿಸುತ್ತದೆ, ಏಕೆಂದರೆ ಈಗಿನ ಬಾನೆಟ್ಟಿನ ಕೆಳಗೆ, ಸಾಕೆಟ್ಟು ತಿರುಗಿಸುವ ಹಿಡಿಕೆಯಾದ ಅರ್ಧ ಇಂಚಿನ ರ‍್ಯಾಚೆಟ್ಟಿನ ತಲೆ ತೂರುವಷ್ಟು ಜಾಗ ಇರುವುದು ಅಪರೂಪ, ಮತ್ತು ಉದ್ದ ಹಿಡಿಕೆ ಸಣ್ಣ ಬೋಲ್ಟುಗಳಿಗೆ ಅಪಾಯಕಾರಿ. ಲೆಕ್ಕ ಸರಳವಾಗಿದೆ: ತಿರುಗಿಸುವ ಬಲ ಎಂದರೆ ಕೈಯ ಬಲ ಮತ್ತು ಹಿಡಿಕೆಯ ಉದ್ದದ ಗುಣಾಕಾರ. 25 ಸೆಂ.ಮೀ. ಹಿಡಿಕೆಯ ತುದಿಯಲ್ಲಿ 20 ಕಿಲೋ ಬಲ ಹಾಕಿದರೆ ಸುಮಾರು 49 ನ್ಯೂಟನ್ ಮೀಟರ್, ಅದೇ ಬಲವನ್ನು 60 ಸೆಂ.ಮೀ. ಹಿಡಿಕೆಯಲ್ಲಿ ಹಾಕಿದರೆ ಸುಮಾರು 118. ಸಾಮಾನ್ಯ ಎಂ6 ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಎಂ8ಕ್ಕೆ 25ರ ಆಸುಪಾಸು. ಅಂದರೆ ಉದ್ದ ಹಿಡಿಕೆಯಲ್ಲಿ ಮಣಿಕಟ್ಟಿನ ಒಂದು ಅಜಾಗರೂಕ ಎಳೆತವೇ ಎಂ6 ಬೋಲ್ಟನ್ನು ಮುರಿಯಲು ಸಾಕಾಗುತ್ತದೆ.

ರ‍್ಯಾಚೆಟ್ ಕೊಳ್ಳುವಾಗ ಹಲ್ಲುಗಳ ಸಂಖ್ಯೆ ಕೇಳಿ. 36 ಹಲ್ಲಿನದು ಒಂದೊಂದು ಹಲ್ಲಿಗೆ 10 ಡಿಗ್ರಿ ಹಿಂದಕ್ಕೆ ಬರಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಇಕ್ಕಟ್ಟಿನ ಕೆಲಸದಲ್ಲಿ ಆ ಐದು ಡಿಗ್ರಿಗೆ ಬೆಲೆಯಿದೆ. ಆದರೆ ಯಾವ ರ‍್ಯಾಚೆಟ್ಟೂ ಜಂಗು ಹಿಡಿದ ಬೋಲ್ಟನ್ನು ಅಲುಗಿಸುವುದಕ್ಕಾಗಿ ಮಾಡಿದ್ದಲ್ಲ; ಅದರೊಳಗಿನ ಸಣ್ಣ ನಾಲಗೆ ಮತ್ತು ಹಲ್ಲುಗಳು ಪೈಪು ಸಿಕ್ಕಿಸಿ ಜಗ್ಗುವ ಬಲವನ್ನು ತಾಳುವುದಿಲ್ಲ. ಅದಕ್ಕೆ ಬೇರೆಯಾಗಿ ಅರ್ಧ ಇಂಚಿನ ಬ್ರೇಕರ್ ಬಾರ್, ಅಂದರೆ ತುದಿ ಮಾತ್ರ ಮಡಿಯುವ ಗಟ್ಟಿ ಸಲಾಕೆ, ಬೇಕು. ರ‍್ಯಾಚೆಟ್ಟಿಗೆ ಹೋಲಿಸಿದರೆ ಅದು ಅಗ್ಗ, ಕೆಡುವ ಭಾಗವೂ ಇಲ್ಲ.

ಉಕ್ಕಿನ ಗುಣವನ್ನು ಅಂಗಡಿಯಲ್ಲಿ ನಿಂತು ತಿಳಿಯುವುದು ಹೇಗೆ? ಒಳ್ಳೆಯ ಪಾನಾ ಮತ್ತು ಸಾಕೆಟ್ಟುಗಳನ್ನು ಕ್ರೋಮ್ ವೆನೇಡಿಯಂ ಉಕ್ಕಿನಿಂದ, ಕಾಯಿಸಿ ಅಚ್ಚಿನಲ್ಲಿ ಬಡಿದು, ಹದ ಮಾಡಿ ತಯಾರಿಸುತ್ತಾರೆ. ಆದರೆ ಆ ಹೆಸರನ್ನು ಯಾರು ಬೇಕಾದರೂ ಕೆತ್ತಬಹುದಾದ್ದರಿಂದ ಬರೀ ಅಕ್ಷರವನ್ನು ನಂಬುವಂತಿಲ್ಲ. ನಮ್ಮ ದೇಶದ ಕೈಹತಾರಗಳ ತಯಾರಿಕೆ ಬಹುಮಟ್ಟಿಗೆ ಪಂಜಾಬಿನ ಜಲಂಧರ ಮತ್ತು ಲುಧಿಯಾನಾಗಳಲ್ಲಿ, ರಾಜಸ್ಥಾನದ ನಾಗೌರಿನಲ್ಲಿ ನಡೆಯುತ್ತದೆ. ಬೆಳಗಾವಿಯ ಪೇಟೆಯಲ್ಲಿ ಬಹಳ ಕಾಲದಿಂದ ಪರಿಚಿತವಾದ ಟಪಾರಿಯಾದ ಕಾರ್ಖಾನೆ ನಾಸಿಕದಲ್ಲಿದೆ. ಹೆಸರಾಂತ ಬ್ರ್ಯಾಂಡುಗಳ ನಕಲಿಗಳೂ ಓಡಾಡುವುದರಿಂದ ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಬೇಕು. ಫಿಕ್ಸ್ ಪಾನಾಗಳಿಗೆ ಐ.ಎಸ್. 2028, ರಿಂಗ್ ಪಾನಾಗಳಿಗೆ ಐ.ಎಸ್. 2029 ಎಂಬ ಭಾರತೀಯ ಮಾನದಂಡಗಳಿವೆ. ಇವುಗಳ ಉಲ್ಲೇಖವಿದ್ದರೆ ತಯಾರಕರು ಕನಿಷ್ಠ ಒಂದು ಅಳತೆಗೋಲಿಗೆ ಬದ್ಧರಾಗಿದ್ದಾರೆ ಎಂದು ತಿಳಿಯಬಹುದು.

ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನೀವೇ ಮಾಡಬಹುದು. ಜೇಬಿನಲ್ಲಿ ಹೊಸ ಎಂ6 ಮತ್ತು ಎಂ8 ಬೋಲ್ಟುಗಳನ್ನು ಒಯ್ಯಿರಿ. ಪಾನಾದ ರಿಂಗನ್ನು ಬೋಲ್ಟಿನ ತಲೆಯ ಮೇಲೆ ಇಟ್ಟು, ಬೋಲ್ಟನ್ನು ಬೆರಳಲ್ಲಿ ಹಿಡಿದು ಪಾನಾವನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸಿ. ಒಳ್ಳೆಯದಾದರೆ ಅದು ಒತ್ತಡವಿಲ್ಲದೆ ಜಾರಿ ಕೂತು, ಬಹಳ ಸ್ವಲ್ಪವೇ ಅಲುಗಾಡುತ್ತದೆ. ಕಳಪೆಯದಾದರೆ ಹಿಡಿಕೆಯ ತುದಿ ಸೆಂಟಿಮೀಟರುಗಟ್ಟಲೆ ಆಚೀಚೆ ಓಲಾಡುತ್ತದೆ. ಆಮೇಲೆ ರಿಂಗಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ: ಮೂಲೆಗಳು ಚೂಪಾಗಿ ಕಡೆದಂತಿವೆಯೋ ಅಥವಾ ಲೇಪನದ ಕೆಳಗೆ ಒರಟಾಗಿ ಉಳಿದಿವೆಯೋ, ಫಿಕ್ಸ್ ಬಾಯಿಯ ಎರಡು ದವಡೆಗಳು ಸಮಾನಾಂತರವಾಗಿವೆಯೋ ಇಲ್ಲವೋ ಕಣ್ಣಿಗೇ ತಿಳಿಯುತ್ತದೆ. ಗೋಡೆ ತೀರ ದಪ್ಪವಾಗಿದ್ದರೆ ಅದು ಬಲದ ಗುರುತಲ್ಲ, ಹಲವು ಸಲ ಕಡಿಮೆ ದರ್ಜೆಯ ಉಕ್ಕನ್ನು ದಪ್ಪದಿಂದ ಸರಿದೂಗಿಸಿದ ಗುರುತು. ಅಂಥದ್ದು ಇಕ್ಕಟ್ಟಿನಲ್ಲಿ ತೂರುವುದೂ ಇಲ್ಲ.

ಗಾಳಿಯ ಒತ್ತಡದಿಂದ ಬೋಲ್ಟು ತಿರುಗಿಸುವ ಗನ್ನಿಗೆ ಹಾಕುವ ಸಾಕೆಟ್ಟುಗಳ ವಿಷಯದಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ. ಹೊಳೆಯುವ ಕ್ರೋಮ್ ಸಾಕೆಟ್ ಗಡಸಾಗಿದ್ದು, ಗನ್ನಿನ ಹೊಡೆತಕ್ಕೆ ಸೀಳಿ ಚೂರುಗಳು ಸಿಡಿಯಬಹುದು. ಗನ್ನಿಗೆಂದೇ ಮಾಡಿದ, ಕ್ರೋಮ್ ಮಾಲಿಬ್ಡಿನಂ ಉಕ್ಕಿನ, ದಪ್ಪ ಗೋಡೆಯ ಕಪ್ಪು ಸಾಕೆಟ್ಟುಗಳನ್ನೇ ಬಳಸಬೇಕು, ಕಣ್ಣಿಗೆ ಕನ್ನಡಕವನ್ನೂ ಹಾಕಬೇಕು.

ಸ್ಕ್ರೂ ಡ್ರೈವರುಗಳನ್ನು ಹೊಸಬರು ಹಗುರವಾಗಿ ಕಾಣುತ್ತಾರೆ, ಬೈಕಿನ ಕೆಲಸಗಾರರಿಗೆ ಅದು ದುಬಾರಿಯಾಗುತ್ತದೆ. ಜಪಾನಿ ಮೂಲದ ಹಳೆಯ ಬೈಕುಗಳ ಕಾರ್ಬೊರೇಟರ್ ಮತ್ತು ಎಂಜಿನ್ ಕವರುಗಳಲ್ಲಿರುವ ಕೂಡುಗುರುತಿನ (+) ಸ್ಕ್ರೂಗಳು ನೋಡಲು ಫಿಲಿಪ್ಸ್ ಸ್ಕ್ರೂವಿನಂತಿದ್ದರೂ ಅವುಗಳ ಕುಳಿಯ ಆಕಾರ ಬೇರೆ. ಫಿಲಿಪ್ಸ್ ಡ್ರೈವರಿನ ತುದಿ ಅದರ ತಳಕ್ಕೆ ಪೂರ್ತಿ ಮುಟ್ಟುವುದಿಲ್ಲ. ಬಲ ಹೆಚ್ಚಾದೊಡನೆ ಮೇಲಕ್ಕೆ ಜಾರಿ ಕುಳಿಯನ್ನು ಕೆತ್ತಿಬಿಡುತ್ತದೆ. ಅಂಥ ಸ್ಕ್ರೂವಿನ ತಲೆಯ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಚುಕ್ಕೆ ಇರುತ್ತದೆ. ಜೆ.ಐ.ಎಸ್. (ಜಪಾನಿನ ಮಾನದಂಡ) ಎಂದು ಗುರುತಿರುವ ಎರಡನೆಯ ನಂಬರಿನ ಡ್ರೈವರ್ ಒಂದನ್ನು ಇಟ್ಟುಕೊಂಡರೆ ಈ ತೊಂದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ, ಅದು ಫಿಲಿಪ್ಸ್ ಸ್ಕ್ರೂಗಳಲ್ಲೂ ಚೆನ್ನಾಗಿಯೇ ಕೂರುತ್ತದೆ. ತೀರ ಬಿಗಿಯಾಗಿದ್ದರೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಹೊಡೆತ ತುದಿಯನ್ನು ಕುಳಿಯೊಳಗೆ ಒತ್ತುತ್ತಲೇ ತಿರುಗಿಸುವುದರಿಂದ ಜಾರಲು ಅವಕಾಶವಿರುವುದಿಲ್ಲ.

ಪಕ್ಕಡ್‌ಗಳಲ್ಲಿ ಒಂದು ಸಾಮಾನ್ಯ ಕಾಂಬಿನೇಷನ್, ಒಂದು ಉದ್ದ ಮೂಗಿನದು, ಒಂದು ತಂತಿ ಕತ್ತರಿಸುವಂಥದ್ದು, ಭಾಗಗಳು ಜಾರದಂತೆ ಹಿಡಿಯುವ ಉಂಗುರಗಳಾದ ಒಳ ಮತ್ತು ಹೊರ ಸರ್ಕ್ಲಿಪ್‌ಗಳಿಗೆ ಒಂದೊಂದು ಇದ್ದರೆ ಸಾಕು. ಪಕ್ಕಡ್ ಹಿಡಿದು ನಟ್ಟು ಬಿಚ್ಚುವ ಅಭ್ಯಾಸ ಮಾತ್ರ ಬೇಡವೇ ಬೇಡ. ಸುತ್ತಿಗೆಗಳಲ್ಲಿ 500 ಗ್ರಾಂ ಆಸುಪಾಸಿನ ಗುಂಡುತಲೆಯದು ಒಂದು, ಎಂಜಿನ್ ಭಾಗಗಳಿಗೆ ಗಾಯವಾಗದಂತೆ ತಟ್ಟಲು ನೈಲಾನ್ ಅಥವಾ ತಾಮ್ರದ್ದು ಒಂದು. ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸ್ಕ್ರೂ ಪಾನಾ ಒಂದೇ ಇರಲಿ, ಅದೂ ಎದುರು ಬದಿಯ ನಟ್ಟನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ಸ್ಪಾರ್ಕ್ ಪ್ಲಗ್ಗಿನ ಸಾಕೆಟ್ಟುಗಳಲ್ಲಿ ಈಗ ಹೆಚ್ಚಿನ ಕಾರುಗಳಿಗೆ 16 ಮಿ.ಮೀ. ಬೇಕು, ಹಳೆಯವಕ್ಕೆ 21. ಆಳದ ಬಾವಿಯಿಂದ ಪ್ಲಗ್ಗನ್ನು ಎತ್ತಿ ತರಲು ಒಳಗೆ ರಬ್ಬರ್ ಅಥವಾ ಅಯಸ್ಕಾಂತ ಇರುವುದನ್ನೇ ಆರಿಸಬೇಕು.

ಇಷ್ಟೆಲ್ಲ ಕೊಂಡ ಮೇಲೆ ಬಹಳ ಜನ ಕೈಬಿಡುವುದು ಬಿಗಿಯನ್ನು ಅಳೆದು ಕೊಡುವ ಟಾರ್ಕ್ ರೆಂಚನ್ನು, ನಾನು ಅತಿ ಹೆಚ್ಚು ಒತ್ತಿ ಹೇಳಬಯಸುವುದೂ ಅದನ್ನೇ. ಕೈಯ ಅಂದಾಜಿನಿಂದ ಬಿಗಿ ಮಾಡುವ ಹಿರಿಯ ಮಿಸ್ತ್ರಿಗಳ ಅನುಭವವನ್ನು ನಾನು ಗೌರವಿಸುತ್ತೇನೆ. ಆದರೆ ಆ ಅಂದಾಜು ಬಹುಮಟ್ಟಿಗೆ ಬೀಡುಕಬ್ಬಿಣದ ಎಂಜಿನ್ನುಗಳ ಮೇಲೆ, ಹಲವು ವರ್ಷಗಳಲ್ಲಿ ರೂಪುಗೊಂಡದ್ದು. ಈಗಿನ ಎಂಜಿನ್ನುಗಳ ಹೆಡ್ಡು, ಹಲವು ಸಲ ಬ್ಲಾಕು ಕೂಡ ಅಲ್ಯೂಮಿನಿಯಮ್ಮಿನವು. ಅದರ ಎಳೆಗಳು ಉಕ್ಕಿನ ಬೋಲ್ಟಿಗಿಂತ ಮೊದಲೇ ಕಿತ್ತುಬರುತ್ತವೆ. 14 ಮಿ.ಮೀ. ಎಳೆಯ ಸ್ಪಾರ್ಕ್ ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್ ಮೀಟರ್ ಸಾಕು, ಸಣ್ಣ ಬೈಕುಗಳ 10 ಮಿ.ಮೀ. ಪ್ಲಗ್ಗಿಗೆ 10ರಿಂದ 12 ಮಾತ್ರ. ಹೆಡ್ ಬೋಲ್ಟುಗಳಲ್ಲಂತೂ ಮೊದಲು ನಿಗದಿತ ಬಿಗಿ, ಆಮೇಲೆ ಇಂತಿಷ್ಟು ಡಿಗ್ರಿ ತಿರುವು ಎಂಬ ಕ್ರಮ ಈಗ ಸಾಮಾನ್ಯವಾಗಿದೆ. ಚಕ್ರದ ನಟ್ಟುಗಳು ಒಂದೊಂದು ಒಂದೊಂದು ಬಿಗಿಯಲ್ಲಿದ್ದರೆ ಬ್ರೇಕ್ ಡಿಸ್ಕು ಸಮವಾಗಿ ಕೂರುವುದಿಲ್ಲ. ತೀರ ಬಿಗಿಯಾದರೆ ದಾರಿಯಲ್ಲಿ ಪಂಕ್ಚರ್ ಆದಾಗ ಗಾಡಿಯ ಜೊತೆ ಬಂದ ಸಣ್ಣ ಪಾನಾದಿಂದ ಗಿರಾಕಿಗೆ ಅವು ಬಿಚ್ಚುವುದೇ ಇಲ್ಲ. ಸಾಮಾನ್ಯ ಕಾರುಗಳಲ್ಲಿ ಇದು 100 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ, ನಿಖರ ಸಂಖ್ಯೆಯನ್ನು ಆಯಾ ಗಾಡಿಯ ಕೈಪಿಡಿಯಲ್ಲಿ ನೋಡಬೇಕು. ಹಳೆಯ ಕೈಪಿಡಿಗಳಲ್ಲಿ ಅದು ಕೆ.ಜಿ. ಮೀಟರಿನಲ್ಲಿದ್ದರೆ 9.8ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ.

ಒಂದೇ ಟಾರ್ಕ್ ರೆಂಚ್ ಎಲ್ಲ ಕೆಲಸಕ್ಕೂ ಆಗುವುದಿಲ್ಲ. ನಿಗದಿತ ಬಿಗಿ ಬಂದಾಗ ಸದ್ದು ಮಾಡುವ ಕ್ಲಿಕ್ ಮಾದರಿಯವು ತಮ್ಮ ಗರಿಷ್ಠದ ಐದನೆಯ ಒಂದು ಭಾಗಕ್ಕಿಂತ ಕೆಳಗೆ ನಂಬಿಕೆಗೆ ಅರ್ಹವಲ್ಲ. 200ರವರೆಗಿನದನ್ನು ಎಂ6 ಬೋಲ್ಟಿಗೆ ಬಳಸುವುದು ಅಂದಾಜಿಗಿಂತ ಕೆಟ್ಟದ್ದು, ಏಕೆಂದರೆ ಕ್ಲಿಕ್ ಎಂಬ ಸದ್ದು ಬರುವುದನ್ನು ಕಾಯುತ್ತಲೇ ಬೋಲ್ಟು ಮುರಿದಿರುತ್ತದೆ. ಕಾರಿನ ಕೆಲಸಕ್ಕೆ 40ರಿಂದ 200ರ ಅರ್ಧ ಇಂಚಿನದು ಮೊದಲು, 50ರ ಆಸುಪಾಸಿನವರೆಗಿನ ಚಿಕ್ಕದು ನಂತರ. ಬೈಕಿನವರು ಈ ಕ್ರಮವನ್ನು ಹಿಂದುಮುಂದು ಮಾಡಬೇಕು. ಟಾರ್ಕ್ ರೆಂಚಿನಿಂದ ಬೋಲ್ಟು ಬಿಚ್ಚಬಾರದು, ಕ್ಲಿಕ್ ಆದ ಮೇಲೆ ಇನ್ನೊಮ್ಮೆ ಎಳೆಯಬಾರದು, ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಅಳತೆಪಟ್ಟಿಯ ಕನಿಷ್ಠಕ್ಕೆ ಇಳಿಸಿ ಇಡಬೇಕು. ವರ್ಷಕ್ಕೊಮ್ಮೆ ಅಥವಾ 5000 ಬಳಕೆಗೊಮ್ಮೆ, ಯಾವುದು ಮೊದಲೋ ಆಗ, ಪರೀಕ್ಷೆ ಮಾಡಿಸಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶವಿರುವ ಊರಿನಲ್ಲಿ ಅದನ್ನು ಮಾಡಿಕೊಡುವವರನ್ನು ಹುಡುಕುವುದು ಕಷ್ಟವಾಗಬಾರದು.

ಹಣದ ಮಿತಿ ಎಲ್ಲರಿಗೂ ಇರುವುದರಿಂದ ಕೊಳ್ಳುವ ಕ್ರಮ ಮುಖ್ಯ. ಕೆಲಸಕ್ಕೆ ಸೇರುವ ದಿನ ಕೈಯಲ್ಲಿರಬೇಕಾದದ್ದು ಕಾಂಬಿನೇಷನ್ ಪಾನಾಗಳ ಆರೇಳು ಅಳತೆ, 3/8 ಇಂಚಿನ ಒಂದು ರ‍್ಯಾಚೆಟ್, ಅದಕ್ಕೊಪ್ಪುವ ಆರು ಮೂಲೆಯ ಸಾಕೆಟ್ಟುಗಳು, ಎರಡು ಉದ್ದದ ಎಕ್ಸ್‌ಟೆನ್ಷನ್, ನಾಲ್ಕು ಸ್ಕ್ರೂ ಡ್ರೈವರ್, ಎರಡು ಪಕ್ಕಡ್, ಒಂದು ಸುತ್ತಿಗೆ, ಅಲೆನ್ ಕೀ ಸೆಟ್, ಒಂದು ಟಾರ್ಚು. ಇವುಗಳಲ್ಲಿ ಬೋಲ್ಟನ್ನು ನೇರವಾಗಿ ಮುಟ್ಟುವ ಭಾಗಗಳಿಗೆ, ಅಂದರೆ ಪಾನಾ, ಸಾಕೆಟ್, ಡ್ರೈವರಿನ ತುದಿಗಳಿಗೆ, ಹೆಚ್ಚು ಹಣ ಹಾಕಿ. ಸುತ್ತಿಗೆ, ಎಕ್ಸ್‌ಟೆನ್ಷನ್, ಪೆಟ್ಟಿಗೆಗಳಲ್ಲಿ ಉಳಿಸಿದರೂ ನಡೆಯುತ್ತದೆ. ಆಮೇಲೆ ಮೊದಲ ಕೆಲವು ತಿಂಗಳು ಒಂದು ಸಣ್ಣ ವಹಿಯಲ್ಲಿ, ನೀವು ಇನ್ನೊಬ್ಬರಿಂದ ಕೇಳಿ ಪಡೆದ ಪ್ರತಿ ಹತಾರವನ್ನೂ ಯಾವ ಗಾಡಿಯ ಯಾವ ಕೆಲಸಕ್ಕೆ ಎಂಬುದರೊಂದಿಗೆ ಬರೆದಿಡಿ. ಪದೇ ಪದೇ ಕಾಣಿಸುವ ಹೆಸರುಗಳೇ ಮುಂದಿನ ಪಗಾರದ ಖರೀದಿ ಪಟ್ಟಿ. ಸಂದು ಅಳೆಯುವ ಫೀಲರ್ ಗೇಜು, ಮಲ್ಟಿಮೀಟರು, ಟಾರ್ಕ್ಸ್ ಬಿಟ್ಟುಗಳು ಸಾಮಾನ್ಯವಾಗಿ ಹೀಗೆಯೇ ಒಂದೊಂದಾಗಿ ಬಂದು ಸೇರುತ್ತವೆ. ಕೆಲಸ ಬಿಟ್ಟವರು ಮಾರುವ ಹಳೆಯ ಹತಾರಗಳೂ ಒಳ್ಳೆಯ ಖರೀದಿಯೇ, ಪಾನಾಗಳ ಬಾಯಿ ಅಗಲವಾಗಿಲ್ಲ ಎಂಬುದನ್ನು ಹೊಸ ಬೋಲ್ಟಿನಿಂದ ಪರೀಕ್ಷಿಸಿಕೊಂಡರೆ. ಬಳಸಿದ ಟಾರ್ಕ್ ರೆಂಚನ್ನು ಮಾತ್ರ ಕ್ಯಾಲಿಬ್ರೇಷನ್ ಮಾಡಿಸದೆ ನಂಬಬಾರದು.

ವಿದ್ಯುತ್ ಕಾರುಗಳ ಕೆಲಸಕ್ಕೆಂದು ಈಗಲೇ ಹತಾರ ಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಅವುಗಳ ಬ್ಯಾಟರಿ ನೂರಾರು ವೋಲ್ಟಿನದು. ಅದಕ್ಕೆ 1000 ವೋಲ್ಟಿನ ಗುರುತಿರುವ, ಐ.ಇ.ಸಿ. 60900 ಮಾನದಂಡದ, ಪೂರ್ತಿ ಅವಾಹಕ ಹೊದಿಕೆಯ ಹತಾರಗಳೂ ರಬ್ಬರ್ ಕೈಗವಸುಗಳೂ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ತರಬೇತಿ ಬೇಕು. ಸಾಮಾನ್ಯ ಪಾನಾಕ್ಕೆ ಟೇಪು ಸುತ್ತಿದರೆ ಅದು ಅವಾಹಕ ಹತಾರವಾಗುವುದಿಲ್ಲ. ತರಬೇತಿ ಪಡೆದು ಆ ವಿಭಾಗಕ್ಕೆ ಹೋಗುವ ದಿನ ಬಂದಾಗ ಕೊಂಡರಾಯಿತು, ಸಾಮಾನ್ಯವಾಗಿ ಅವುಗಳನ್ನು ಕೇಂದ್ರದವರೇ ಕೊಡುತ್ತಾರೆ.

ಕೊಂಡದ್ದನ್ನು ಉಳಿಸಿಕೊಳ್ಳುವುದು ಉಳಿದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಗಾಳಿಯಲ್ಲಿರುವ ತೇವಕ್ಕೆ ಕ್ರೋಮ್ ಲೇಪನ ಎದ್ದ ಕಡೆ ಒಂದೇ ವಾರದಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ. ಸಂಜೆ ಪಾನಾಗಳನ್ನು ಪೆಟ್ಟಿಗೆಗೆ ಹಾಕುವ ಮುಂಚೆ ಡೀಸೆಲಿನಿಂದ ಜಿಡ್ಡು ಒರೆಸಿ, ಒಣಬಟ್ಟೆಯಲ್ಲಿ ತೇವ ತೆಗೆದು, ತೆಳುವಾಗಿ ಎಂಜಿನ್ ಆಯಿಲ್ ಸವರಬೇಕು. ಮಣ್ಣು ಮೆತ್ತಿದ ರ‍್ಯಾಚೆಟ್ಟನ್ನು ಮಾತ್ರ ಡೀಸೆಲಿನಲ್ಲಿ ಮುಳುಗಿಸಿಡದೆ, ತಲೆ ಬಿಚ್ಚಿ ಒಳಗಿನ ಹಳೆಯ ಗ್ರೀಸ್ ತೆಗೆದು ಹೊಸದನ್ನು ಸ್ವಲ್ಪವೇ ಹಚ್ಚಬೇಕು. ಪ್ರತಿ ಪಾನಾದ ಹಿಡಿಕೆಯ ಮೇಲೆ ಕೆತ್ತುವ ಪೆನ್ನಿನಿಂದ ನಿಮ್ಮ ಹೆಸರಿನ ಮೊದಲಕ್ಷರ ಬರೆಯಿರಿ, ಬಣ್ಣ ಹಚ್ಚಿದರೆ ಪೆಟ್ರೋಲು ತಾಗಿ ಅಳಿಸಿಹೋಗುತ್ತದೆ. ಪೆಟ್ಟಿಗೆಯಲ್ಲಿ ಪ್ರತಿಯೊಂದಕ್ಕೂ ಅದರದೇ ಜಾಗವಿರಲಿ, ಬಾನೆಟ್ ಮುಚ್ಚುವ ಮುಂಚೆ ಖಾಲಿ ಜಾಗ ಯಾವುದೂ ಉಳಿದಿಲ್ಲವೆಂದು ನೋಡಿ: ಫ್ಯಾನಿನ ಬಳಿ ಮರೆತುಬಿಟ್ಟ 10ರ ಸಾಕೆಟ್ ಎಂಜಿನ್ ಚಾಲೂ ಆದೊಡನೆ ರೇಡಿಯೇಟರನ್ನು ತೂತು ಮಾಡಬಲ್ಲದು.